ತೊಂಬತ್ತು ದಿನದ ಭೀಮಸೇನರು

ಈ ಸಲವೂ ಭಾರತಕ್ಕೇ ಮೊದಲ ಸ್ಥಾನ. ಯಾರೂ ಪಟಾಕಿ ಹೊಡೆಯಲಿಲ್ಲ, ಪಾಪ. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ 2024ರ ಲೆಕ್ಕದಲ್ಲಿ ನಮ್ಮವರ 7,113 ಮಾದರಿ ಪರೀಕ್ಷೆಗೆ ಹೋಗಿ 260 ಪಾಸಿಟಿವ್ ಬಂದಿವೆ. ಸಾವಿರಾರು ಪರೀಕ್ಷೆ ನಡೆಸುವ ದೇಶಗಳಲ್ಲಿ ಸತತ ಮೂರನೇ ವರ್ಷ ನಮ್ಮನ್ನು ಹಿಂದಿಕ್ಕುವವರಿಲ್ಲ. 2023ರ ದೆಹಲಿ ಅಥ್ಲೆಟಿಕ್ಸ್ ಕೂಟವನ್ನಂತೂ ನೀವು ಮರೆತಿರಲಾರಿರಿ. ಪರೀಕ್ಷೆಯವರು ಬಂದರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನೂರು ಮೀಟರ್ ಫೈನಲ್ಲಿನಲ್ಲಿ ಓಡಲು ಉಳಿದವನು ಒಬ್ಬನೇ. ಒಬ್ಬನೇ ಓಡಿದ, ಒಬ್ಬನೇ ಗೆದ್ದ. ಸ್ಟೀಪಲ್‌ಚೇಸ್ ಓಟದ ಹುಡುಗಿಯೊಬ್ಬಳು ಗುರಿ ಮುಟ್ಟಿದ ಮೇಲೂ ನಿಲ್ಲದೆ ಓಡಿದಳು, ಹಿಂದೆ ಬಾಟಲಿ ಹಿಡಿದ ಅಧಿಕಾರಿ. ಅಂಥ ದಮ್ಮು ಬೇರೆ ಯಾವ ದೇಶದಲ್ಲಿದೆ?

ಆದರೂ ಇವರು ಮೂತ್ರ ಕೇಳುವವರು ಇದ್ದುದರಿಂದ ಸಿಕ್ಕಿಬಿದ್ದವರು. ಬಡಾವಣೆಯ ಜಿಮ್ಮಿಗೆ ಆ ಕಾಟವಿಲ್ಲ. ಬಾಗಿಲಲ್ಲೇ ಫ್ಲೆಕ್ಸ್: ‘90 ದಿನ, 100% ನ್ಯಾಚುರಲ್’. ಎಡಗಡೆ ಡೊಳ್ಳುಹೊಟ್ಟೆ, ಬಲಗಡೆ ಭೀಮಸೇನ. ಈ ಪವಾಡಕ್ಕೆ ತೊಂಬತ್ತು ದಿನವೂ ಬೇಡ, ಒಂದು ಮಧ್ಯಾಹ್ನ ಸಾಕು. ಊಟವಾದ ಮೇಲೆ ಭುಜ ಇಳಿಬಿಟ್ಟು, ಟ್ಯೂಬ್‌ಲೈಟಿನ ಕೆಳಗೆ ಮೊದಲ ಫೋಟೊ. ಆಮೇಲೆ ಮೈಕೂದಲು ಬೋಳಿಸಿ, ಎಣ್ಣೆ ಸವರಿ, ನಾಲ್ಕು ಸುತ್ತು (ಸೆಟ್) ದಂಡ ಹೊಡೆದು ಸ್ನಾಯುವಿಗೆ ರಕ್ತ ತುಂಬಿಸಿಕೊಂಡು, ನೆತ್ತಿಯ ಮೇಲೆ ಒಂದೇ ಬಲ್ಬು ಹಚ್ಚಿ, ಹೊಟ್ಟೆ ಒಳಗೆಳೆದು ಎರಡನೆಯದು.

ಅನುಮಾನವಿದ್ದವರಿಗೆ ಒಂದು ಒರಟು ಲೆಕ್ಕ. ಕೊಬ್ಬು ಕಳೆದು ಉಳಿಯುವ ತೂಕವನ್ನು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ. ಮದ್ದು ಮುಟ್ಟದ ಗಂಡಸರಲ್ಲಿ ಉತ್ತರ 25 ದಾಟುವುದು ಅಪರೂಪ. 170 ಸೆಂ.ಮೀ. ಎತ್ತರದವನು ಶೇ 10 ಕೊಬ್ಬಿಟ್ಟುಕೊಂಡು 80 ಕೆ.ಜಿ. ತೂಗಿದರೆ ಆ ಗಡಿಗೆ ಬಂದ ಹಾಗೆ. ನಮ್ಮ ಫ್ಲೆಕ್ಸ್ ವೀರ ಅದೇ ಎತ್ತರದಲ್ಲಿ, ನರ ಎದ್ದು ಕಾಣುವ ಮೈಯಲ್ಲಿ, 95 ತೂಗುತ್ತಾನೆ. ಏನು ತಿಂತೀಯಪ್ಪ ಅಂದರೆ ‘ಮನೆ ಊಟ ಬ್ರೋ’. ವಾಡಾದವರು ಮೊದಲು ಆ ತಾಯಿಯ ಹುಳಿ ಪಾತ್ರೆಯನ್ನೇ ಲ್ಯಾಬಿಗೆ ಕಳಿಸಬೇಕು.

ಮದ್ದಿಲ್ಲದೆ ಮೈ ಕಟ್ಟುವುದರಲ್ಲಿ ಗುಟ್ಟೇನಿಲ್ಲ, ಅದಕ್ಕೇ ಅದು ಮಾರಾಟವಾಗುವುದಿಲ್ಲ. ಕೆ.ಜಿ. ತೂಕಕ್ಕೆ ದಿನಕ್ಕೆ 1.6 ಗ್ರಾಂ ಪ್ರೋಟೀನ್, ಅಂದರೆ 70 ಕೆ.ಜಿ.ಯವನಿಗೆ 112 ಗ್ರಾಂ. ಮುದ್ದೆ ನುಂಗಿದರೆ ಬರುವುದಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿರುವುದು 7 ಗ್ರಾಂ. ನಾಲ್ಕು ಮೊಟ್ಟೆ, 150 ಗ್ರಾಂ ಚಿಕನ್, 50 ಗ್ರಾಂ ಒಣ ಸೋಯಾ ಚಂಕ್ಸ್, ಒಂದು ಲೋಟ ಹಾಲು ಸೇರಿದರೆ ತೊಂಬತ್ತರ ಹತ್ತಿರ. ಮಿಕ್ಕದ್ದು ಅನ್ನ, ಬೇಳೆ, ಮೊಸರಿನಲ್ಲಿ ತುಂಬುತ್ತದೆ. ಖರ್ಚಿಗಿಂತ 200–300 ಕ್ಯಾಲೊರಿ ಮಾತ್ರ ಹೆಚ್ಚು ತಿನ್ನಬೇಕು, ಅದರ ಮೇಲಿನದ್ದು ಸೊಂಟಕ್ಕೆ. ಕೊಬ್ಬು ಇಳಿಸುವಾಗ ವಾರಕ್ಕೆ 350ರಿಂದ 700 ಗ್ರಾಂ. ಅವಸರ ಮಾಡಿದರೆ ಸ್ನಾಯುವೂ ಕರಗುತ್ತದೆ. ಆಗಲೂ ಎತ್ತುವ ಭಾರ ಕಡಿಮೆ ಮಾಡಬಾರದು. ಜಿಮ್ಮಿನಲ್ಲಿ ಹೇಳಿಕೊಡುವುದು ಇದಕ್ಕೆ ತದ್ವಿರುದ್ಧ: ‘ಕಟಿಂಗ್ ಟೈಮು, ಲೈಟ್ ವೇಟು, ಮೂವತ್ತು ರೆಪ್ಸು’. ಸ್ನಾಯು ಉಳಿಸಿಕೊಳ್ಳಲು ದೇಹಕ್ಕೆ ಇದ್ದ ಒಂದೇ ಕಾರಣವನ್ನೂ ಕಿತ್ತುಕೊಳ್ಳುವ ಉಪಾಯ.

ವಾರಕ್ಕೆ ಒಂದೊಂದು ಸ್ನಾಯುವಿಗೆ ಹತ್ತರಿಂದ ಇಪ್ಪತ್ತು ಗಟ್ಟಿ ಸೆಟ್, ಎರಡು ದಿನಕ್ಕೆ ಹಂಚಿ. ನಮ್ಮವರು ಸೋಮವಾರ ಸಂಜೆ ಬೆಂಚಿಗೆ ಸರದಿ ನಿಂತು ಎದೆಗೆ ಇಪ್ಪತ್ತೈದು ಸೆಟ್ ಹೊಡೆದರೆ ಮುಂದಿನ ಸೋಮವಾರದವರೆಗೆ ಎದೆ ಇದೆ ಎಂಬುದೇ ನೆನಪಿಲ್ಲ. ಕಾಲಿನ ಕಸರತ್ತಿನ ಸ್ಕ್ವಾಟ್ ರ‍್ಯಾಕಿನಲ್ಲಿ ಟವೆಲು ಒಣಗುತ್ತಿರುತ್ತದೆ. ಭಾರವನ್ನು ಚೂರುಚೂರೇ ಏರಿಸಬೇಕು, ಅದಕ್ಕೆ 1.25 ಕೆ.ಜಿ. ಪ್ಲೇಟ್ ಬೇಕು. ನಿಯಾನ್ ದೀಪ, ಕಾಫಿ ಮಷಿನ್ ಎಲ್ಲ ಇರುವ ಜಿಮ್ಮಿನಲ್ಲಿ ಅದನ್ನು ಕೇಳಿ ನೋಡಿ: ‘ಅದು ಲೇಡೀಸ್‌ಗೆ ಸಾರ್’. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹೊಸಬನಿಗೆ ಮೊದಲ ವರ್ಷ ತಿಂಗಳಿಗೆ ಹೆಚ್ಚೆಂದರೆ ಒಂದು ಕೆ.ಜಿ. ಸ್ನಾಯು, ಮೂರನೇ ವರ್ಷಕ್ಕೆ ಇಡೀ ವರ್ಷಕ್ಕೇ ಒಂದೆರಡು. ಇದನ್ನು ಯಾವ ಫ್ಲೆಕ್ಸಿನಲ್ಲಿ ಬರೆಸುತ್ತೀರಿ?

ಬರೆಸಲಾಗದ್ದಕ್ಕೇ ಪ್ರೋಟೀನ್ ಪುಡಿಯ ಡಬ್ಬಿ ಇರುವುದು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿನ ಮಾರುಕಟ್ಟೆಯ 36 ಪುಡಿಗಳನ್ನು ಅಳೆದಾಗ ಸುಮಾರು ಶೇ 70ರಷ್ಟರಲ್ಲಿ ಲೇಬಲ್ಲಿನ ಪ್ರೋಟೀನ್ ಲೆಕ್ಕ ತಾಳೆಯಾಗಲಿಲ್ಲ. ಕೈಚಳಕ ಸೊಗಸಾಗಿದೆ. ಸಾಮಾನ್ಯ ಪರೀಕ್ಷೆ ಪ್ರೋಟೀನನ್ನು ನೋಡುವುದೇ ಇಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತದೆ. ಹಾಗಾಗಿ ಗ್ಲೈಸಿನ್, ಟಾರಿನ್ ಎಂಬ ಅಗ್ಗದ ಅಮೈನೊ ಆಮ್ಲ ಸುರಿದರೆ ಸಾರಜನಕ ಏರುತ್ತದೆ, ಲೇಬಲ್ಲಿನಲ್ಲಿ ‘25 ಗ್ರಾಂ’ ಬೀಳುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ ಮಹಾನುಭಾವರ ವಿದ್ಯೆಯೂ ಇದೇ. ಕೊಳ್ಳಲೇಬೇಕಿದ್ದರೆ ಲೇಬಲ್ಲಿನಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಲೆಕ್ಕ ನೋಡಿ: 25 ಗ್ರಾಂ ವೇ (ಹಾಲೊಡೆದ ನೀರಿನಿಂದ ತೆಗೆದ) ಪ್ರೋಟೀನಿಗೆ ಎರಡೂವರೆ ಗ್ರಾಂ ಆಸುಪಾಸು ಇರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್ ಕಂಡರೆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ. ಸ್ನಾಯುವಿಗೆ ಶಕ್ತಿ ಒದಗಿಸುವ ಕ್ರಿಯಾಟಿನ್ ಪುಡಿ ದಿನಕ್ಕೆ 3ರಿಂದ 5 ಗ್ರಾಂ ಕೆಲಸ ಮಾಡುತ್ತದೆ, ಅಗ್ಗ ಕೂಡ. ಅದಕ್ಕೇ ಇರಬೇಕು, ಟ್ರೈನರ್ ಸಾಹೇಬರು ಅದರ ಹೆಸರೆತ್ತುವುದು ಕಡಿಮೆ.

ಡಬ್ಬಿಯಾದರೂ ಜೇಬಿಗೆ ಕತ್ತರಿ ಅಷ್ಟೆ. ಸಿರಿಂಜಿನ ವಿಷಯಕ್ಕೆ ಬಂದರೆ ತಮಾಷೆ ಮಾಡುವ ಮನಸ್ಸೇ ಇಲ್ಲ. ಮೆಫೆಂಟರ್ಮಿನ್ ಎಂಬ ಇಂಜೆಕ್ಷನ್ ಇರುವುದು ಆಪರೇಷನ್ ಟೇಬಲ್ಲಿನ ಮೇಲೆ ಬಿ.ಪಿ. ಕುಸಿದ ರೋಗಿಗೆ. ಅದನ್ನು ಹತ್ತೊಂಬತ್ತರ ಹುಡುಗರು ‘ಪಂಪ್’ ಬರಲೆಂದು, ಅಂದರೆ ಸ್ನಾಯು ಉಬ್ಬಲೆಂದು, ಜಿಮ್ಮಿನ ಟಾಯ್ಲೆಟ್ಟಿನಲ್ಲಿ ಚುಚ್ಚಿಕೊಳ್ಳುತ್ತಾರೆ. ಇನ್ನು ಮೈ ಬೆಳೆಸಲೆಂದು ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಹೊರಗಿನಿಂದ ಬಿದ್ದರೆ ದೇಹ ತನ್ನದನ್ನು ಮಾಡುವುದು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಇದನ್ನೆಲ್ಲ ಆ ಹುಡುಗನಿಗೆ ಯಾರು ಹೇಳಬೇಕು? ಅವನಿಗೆ ಬಾಟಲಿ ಮಾರಿದವನೋ? ಚೀಟಿ ಇಲ್ಲದೆ ಕೊಟ್ಟ ಮೆಡಿಕಲ್ ಶಾಪಿನವನೋ? ಥೂ.

ಹೊರದೇಶದ ಕೆಲವು ನ್ಯಾಚುರಲ್ ಸ್ಪರ್ಧೆಗಳಲ್ಲಿ ಮೂತ್ರ ಪರೀಕ್ಷೆಯ ಜೊತೆಗೆ ಸುಳ್ಳುಪತ್ತೆ ಯಂತ್ರದ ಮುಂದೆಯೂ ಕೂರಿಸುತ್ತಾರೆ. ನಮ್ಮ ತಾಲ್ಲೂಕು ಮಟ್ಟದ ‘ಮಿಸ್ಟರ್’ ಸ್ಪರ್ಧೆಯಲ್ಲಿ ಡಿ.ಜೆ.ಗೆ, ಪೆಂಡಾಲಿಗೆ, ಮೈಸೂರು ಪೇಟಕ್ಕೆ ದುಡ್ಡಿದೆ. ಮೂತ್ರದ ಬಾಟಲಿಗೆ ಬಜೆಟ್ ಇಲ್ಲ. ಸುಳ್ಳು ಪತ್ತೆ ಮಾಡುವ ಯಂತ್ರವನ್ನಂತೂ ತರುವುದೇ ಬೇಡ, ವೇದಿಕೆಯಿಂದ ಮೊದಲು ಇಳಿದು ಹೋಗುವವರು ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು.