ಹಾಡುವ ಡಬ್ಬಿಗೆ ಕಣ್ಣು ಬಂದ ಕಾಲ

ಈಗ ಮುಂಬೈಯಲ್ಲಿ ಟಿವಿ ಕೆಡುವುದಿಲ್ಲ. ಅದರ ಸಪೋರ್ಟ್ ನಿಲ್ಲುತ್ತದೆ. ಪರದೆ ಸರಿಯಾಗಿದೆ, ಸೌಂಡ್ ಸರಿಯಾಗಿದೆ, ರಿಮೋಟಿನಲ್ಲಿ ಸಿನಿಮಾ ಆ್ಯಪಿನ ಬಟನ್ ಕೂಡ ಇದೆ. ಒತ್ತಿದರೆ ಮಾತ್ರ, ಈ ಟಿವಿಯಲ್ಲಿ ಈ ಆ್ಯಪ್ ಇನ್ನು ನಡೆಯುವುದಿಲ್ಲ ಎಂಬ ಬರಹ ಬರುತ್ತದೆ. ಕಂಪನಿಗೆ ಫೋನ್ ಮಾಡಿದರೆ ಒಂದೇ ಉತ್ತರ: 'ಸರ್, ನಿಮ್ಮ ಹಾರ್ಡ್‌ವೇರ್ ಹಳೆಯದು. ಏನೂ ಮಾಡಲಾಗುವುದಿಲ್ಲ.'

ಈ 'ಮಾಡಲಾಗುವುದಿಲ್ಲ' ಎಂಬ ಮಾತನ್ನು ಮುಂಬೈಯಲ್ಲೇ ಕೂತು ಹೇಳುವುದಕ್ಕೆ ಧೈರ್ಯ ಬೇಕು. ಯಾಕೆಂದರೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್. ಸರ್ಕಾರಿ ಬೋರ್ಡಿನಲ್ಲಿ ಅದಕ್ಕೆ ಡಾ. ಭಡ್ಕಮ್ಕರ್ ಮಾರ್ಗ ಎಂದು ಹೆಸರು. ಬೋರ್ಡ್ ಓದಿಕೊಂಡು ಅಲ್ಲಿಗೆ ಹೋದವರು ಕಡಿಮೆ. ಆ ಕಡೆಯ ರಿಪೇರಿ ಹುಡುಗರು ಒಂದು ಕಾಲದಲ್ಲಿ ಹಾಡು ಮಾತ್ರ ಗೊತ್ತಿದ್ದ ಸಿಡಿ ಪ್ಲೇಯರಿಗೆ ಸಿನಿಮಾ ತೋರಿಸುವುದನ್ನು ಕಲಿಸಿದರು.

ಹೊಸಬರಿಗೆ ಇದು ಕಟ್ಟುಕತೆ ಅನ್ನಿಸಬಹುದು. ಅಲ್ಲ. ಆಡಿಯೊ ಸಿಡಿ ಬಂದದ್ದು 1982ರಲ್ಲಿ. 1993ರಲ್ಲಿ ಫಿಲಿಪ್ಸ್, ಸೋನಿ, ಜೆವಿಸಿ, ಮತ್ಸುಶಿತಾ ಸೇರಿ ವಿಡಿಯೊ ಸಿಡಿಯ, ಅಂದರೆ ವಿಸಿಡಿಯ, ನಿಯಮ ಬರೆದವು. ಅದೇ 12 ಸೆಂಟಿಮೀಟರ್ ತಟ್ಟೆ, ಅದೇ 74 ನಿಮಿಷ. ಪ್ಲೇಯರ್ ಹಾಡನ್ನು ಓದುವುದು ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್ ಲೆಕ್ಕದಲ್ಲಿ. ಎಂಪೆಗ್-1 ವಿಧಾನದಲ್ಲಿ ಹಿಂಡಿದ ಚಿತ್ರ ಮತ್ತು ಧ್ವನಿ ಎರಡೂ ಅಷ್ಟರೊಳಗೇ ಹಿಡಿಯುವ ಹಾಗೆ ಮಾಡಿಟ್ಟಿದ್ದರು. ಅಂದರೆ ಪ್ಲೇಯರ್ ಸಿನಿಮಾ ಡಿಸ್ಕನ್ನು ಮೊದಲೇ ಓದುತ್ತಿತ್ತು. ಓದಿದ್ದು ಅರ್ಥ ಆಗುತ್ತಿರಲಿಲ್ಲ, ಅಷ್ಟೇ.

ಹುಡುಗ ಏನು ಮಾಡುತ್ತಿದ್ದ? ಸ್ಕ್ರೂ ಬಿಚ್ಚುತ್ತಿದ್ದ. ಆಗ ಸ್ಕ್ರೂ ಇರುತ್ತಿತ್ತು! ಡಿಸ್ಕ್ ಓದುವ ಚಿಪ್ಪಿನಿಂದ ಸದ್ದು ಮಾಡುವ ಚಿಪ್ಪಿಗೆ ಮೂರು ಲೈನ್ ಹೋಗುತ್ತವೆ: ಡೇಟಾ, ಬಿಟ್‌ಗಳಿಗೆ ತಾಳ ಹಾಕುವ ಬಿಟ್ ಕ್ಲಾಕ್, ಎಡ-ಬಲದ ಸದ್ದು ಬೇರೆ ಮಾಡುವ ಎಲ್‌ಆರ್ ಕ್ಲಾಕ್. ಆ ಮೂರನ್ನೂ ನಡುವೆ ಹಿಡಿದು ಹಿಂಡಿದ ಚಿತ್ರವನ್ನು ಬಿಡಿಸುವ ಅಂಗೈಯಗಲದ ಎಂಪೆಗ್ ಕಾರ್ಡಿಗೆ ಬೆಸುಗೆ ಹಾಕುತ್ತಿದ್ದ. ಕಾರ್ಡಿಗೆ ಕರೆಂಟ್ ಕೊಟ್ಟು, ಹಿಂಬದಿಯಲ್ಲಿ ತೂತು ಕೊರೆದು, ವಿಡಿಯೊ ವೈರಿಗೆ ಹಳದಿ ಸಾಕೆಟ್ ಕೂರಿಸಿದರೆ ಮುಗಿಯಿತು. ಕೆಲವು ಮಾಡೆಲ್‌ಗಳಲ್ಲಿ ಎರಡು ಕೆಲಸವೂ ಒಂದೇ ಚಿಪ್ಪಿನೊಳಗೆ ನಡೆಯುತ್ತಿತ್ತು, ಲೈನ್ ಹೊರಗೆ ಸಿಗುತ್ತಿರಲಿಲ್ಲ. ಅಂಥದ್ದಕ್ಕೆ ಹುಡುಗ ಮುಚ್ಚಳ ತೆಗೆದು ನೋಡಿಯೇ 'ಯೇ ನಹೀ ಹೋಗಾ' ಎಂದು ವಾಪಸ್ ಕೊಡುತ್ತಿದ್ದ. ಅವನೂ 'ಆಗುವುದಿಲ್ಲ' ಎನ್ನುತ್ತಿದ್ದ ನಿಜ. ಆದರೆ ಒಳಗೆ ನೋಡಿ ಹೇಳುತ್ತಿದ್ದ.

ಡೊಂಬಿವಲಿಯ ನಮ್ಮ ದೊಡ್ಡಮಾವ ಹೀಗೆ ಮಾಡಿಸಿದವರಲ್ಲಿ ಒಬ್ಬರು. ಮುಂಬೈ ಫೋರ್ಟ್ ಕಡೆಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಉಳಿಸಿದ ದುಡ್ಡಲ್ಲಿ ಕೊಂಡ ಪ್ಲೇಯರ್ ಅದು. ಅದರ ಪುಟ್ಟ ಡಿಸ್‌ಪ್ಲೇಗೆ ತಾನು ಸಿನಿಮಾ ತೋರಿಸುತ್ತಿದ್ದೇನೆಂದು ಕೊನೆಯವರೆಗೂ ತಿಳಿಯಲಿಲ್ಲ. ವಿಸಿಡಿಯಲ್ಲಿ ಮೊದಲ ಟ್ರ್ಯಾಕ್ ಬರೀ ಡೇಟಾ, ಚಿತ್ರ ಶುರುವಾಗುವುದು ಎರಡರಿಂದ. ಹಾಗಾಗಿ ನಾಯಕ ಸತ್ತರೂ ನಾಯಕಿ ಅತ್ತರೂ ಅದು 'ಎರಡನೇ ಹಾಡು' ಎಂದೇ ತೋರಿಸುತ್ತಿತ್ತು. ಹಿಂದಿ ಸಿನಿಮಾ ಎಂದರೆ ಎರಡು ಡಿಸ್ಕ್, ಕೆಲವೊಮ್ಮೆ ಮೂರು. ಡಿಸ್ಕ್ ಬದಲಿಸುವಾಗ ಚಹಾ. ಚಿತ್ರ 352 ಚುಕ್ಕಿ ಅಗಲ, 288 ಎತ್ತರ. ಇವತ್ತಿನ ಫುಲ್ ಎಚ್‌ಡಿಯ ಇಪ್ಪತ್ತರಲ್ಲೊಂದು ಪಾಲು. ಡಿಸ್ಕಿಗೆ ಗೀರು ಬಿದ್ದಿದ್ದರೆ ಖಳನಾಯಕನ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಲುಂಗಿ ತುದಿಯಲ್ಲಿ ಒರೆಸಿ ಮತ್ತೆ ಹಾಕುವುದು. ಬಾಡಿಗೆ ಅಂಗಡಿಗೆ ಆ ಡಿಸ್ಕ್ ಎಲ್ಲಿಂದ ಬಂತು ಎಂದು ಕೇಳುವ ಪದ್ಧತಿ ಮಾತ್ರ ಇರಲಿಲ್ಲ. ಅದರಲ್ಲಿ ನಾವು ಯಾರೂ ಸಾಚಾ ಅಲ್ಲ ಬಿಡಿ.

ಮೊನ್ನೆ ಅದೇ ದೊಡ್ಡಮಾವನ ಸ್ಮಾರ್ಟ್ ಟಿವಿಗೆ ಸಪೋರ್ಟ್ ನಿಂತಿತು. ಕಂಪನಿಯ ಹುಡುಗ ಟೈ ಕಟ್ಟಿಕೊಂಡು ಬಂದ. ಸ್ಕ್ರೂಡ್ರೈವರ್ ತಂದಿರಲಿಲ್ಲ, ಟ್ಯಾಬ್ ತಂದಿದ್ದ. ಅದರಲ್ಲಿ ಹೊಸ ಟಿವಿಯ ಇಎಂಐ ತೋರಿಸಿ, 'ಅಂಕಲ್, ಇದಕ್ಕೆ ವಯಸ್ಸಾಯ್ತು' ಅಂದ.

'ನಾಲ್ಕು ವರ್ಷಕ್ಕೆ ಎಂತ ವಯಸ್ಸು ಮಾರಾಯ? ಒಳಗೆ ಒಂದು ಕಾರ್ಡ್ ಹಾಕ್ಲಿಕ್ಕೆ ಆಗುದಿಲ್ವಾ?'

'ಮುಚ್ಚಳ ತೆಗೆದರೆ ವಾರಂಟಿ ಹೋಗುತ್ತೆ ಅಂಕಲ್.'

'ವಾರಂಟಿ ಉಂಟಾ?'

'ಇಲ್ಲ. ಮುಗಿದು ಮೂರು ವರ್ಷ ಆಯ್ತು.'

ಇಲ್ಲದ ವಾರಂಟಿಯನ್ನು ಇಷ್ಟು ಜೋಪಾನವಾಗಿ ಕಾಯುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸರ್ಕಾರ ಸುಮ್ನೆ ಕೂತಿಲ್ಲ, ಅದನ್ನೂ ಹೇಳಬೇಕು. 2022ರ ಡಿಸೆಂಬರ್‌ನಲ್ಲಿ, ರಾಷ್ಟ್ರೀಯ ಗ್ರಾಹಕ ದಿನದಂದು, ರೈಟ್ ಟು ರಿಪೇರಿ ಎಂಬ ಪೋರ್ಟಲ್ ತೆರೆಯಿತು. ಮೊಬೈಲ್, ಟಿವಿ, ಕಾರು, ಟ್ರ್ಯಾಕ್ಟರ್ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ದೊಡ್ಡಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಕಂಪನಿಯ ಕಸ್ಟಮರ್ ಕೇರ್ ನಂಬರ್ ಸಿಕ್ಕಿತು. ಫೋನ್ ಮಾಡಿದರು. ಅದೇ ಹುಡುಗ ಮತ್ತೆ ಬಂದ, ಈ ಸಲ ಟ್ಯಾಬಿನಲ್ಲಿ ಇಎಂಐ ಸ್ವಲ್ಪ ಕಡಿಮೆ ಇತ್ತು.

ಇಷ್ಟೆಲ್ಲ ಒದ್ದಾಟ ಯಾಕೆ? ಕಂಪನಿಗಳು ಪ್ರಾಮಾಣಿಕವಾಗಿ ಟಿವಿ ಡಬ್ಬದ ಮೇಲೆ ಎಕ್ಸ್‌ಪೈರಿ ಡೇಟ್ ಅಚ್ಚು ಹಾಕಿಬಿಡಲಿ, ಬ್ರೆಡ್ ಪ್ಯಾಕೆಟ್ಟಿಗೆ ಇದ್ದ ಹಾಗೆ. ಜನ ನೋಡಿಕೊಂಡು ತೆಗೆದುಕೊಳ್ಳುತ್ತಾರೆ. ಲೋನ್ ಕೊಡುವವರು ಕಂತನ್ನು ಆ ತಾರೀಖಿನಿಂದಾಚೆಗೂ ಎರಡು ವರ್ಷ ಎಳೆಯಲಿ, ಹೇಗೂ ಎಳೆಯುವವರೇ. ಇನ್ನು ಡೇಟ್ ಮುಗಿಯಲು ಒಂದು ವಾರ ಇರುವ ಟಿವಿಗಳನ್ನು ಶನಿವಾರ ಸಂಜೆ ದಾದರ್ ಸ್ಟೇಷನ್ ಹೊರಗೆ ತರಕಾರಿಯವರ ಪಕ್ಕದಲ್ಲಿ ಗುಡ್ಡೆ ಹಾಕಿ ಅರ್ಧ ಬೆಲೆಗೆ ಕೂಗಿ ಮಾರಬಹುದು. ಚೌಕಾಸಿ ಮಾಡಿದರೆ ಮೇಲೊಂದು ರಿಮೋಟ್ ಫ್ರೀ.