ನನ್ನ ಸುತ್ತಿಗೆ, ಪಕ್ಕದ ಬೂತಿನ ಅಜ್ಜ

ನಿನ್ನೆ ರಾತ್ರಿ ಮತ್ತೆ ವೆಲ್ಡಿಂಗ್ ಕ್ಲಾಸಿನ ಟೂಲ್ ರೂಮ್ ಕಿಟಕಿ ಮುಂದೆ ಕೊನೇಗೆ ಉಳಿದಿದ್ದು ನಾನೊಬ್ಳೇ. ಎಲ್ರೂ ಸಾಮಾನು ವಾಪಸ್ ಕೊಟ್ಟು ಒತ್ತೆ ಇಟ್ಟಿದ್ದ ಅವರವರ ಹಿತ್ತಾಳೆ ಬಿಲ್ಲೆ ಇಸ್ಕೊಂಡು ಹೋದ್ರು, ನಂದು ಮಾತ್ರ ಮೊಳೇಲಿ ನೇತಾಡ್ತಿತ್ತು, ಯಾಕಂದ್ರೆ ನನ್ನ ಹೆಸರಲ್ಲಿ ತಗೊಂಡಿದ್ದ ಚಿಪ್ಪಿಂಗ್ ಹ್ಯಾಮರ್ ಆ ಹೊತ್ತಿಗೆ ಪಕ್ಕದ ಬೂತಿನ ಅಜ್ಜನ ಬ್ಯಾಗಲ್ಲಿ ಕೂತು ಫ್ರೀವೇ ಹತ್ತಿತ್ತು.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಲ್ಲಿ ಇರೋರಿಗೆ ಹೇಳೋದೇ ಬೇಡ, ಕಮ್ಯುನಿಟಿ ಕಾಲೇಜಲ್ಲಿ ಸಂಜೆ ಕ್ಲಾಸಿಗೆ ಯಾರು ಬೇಕಾದ್ರೂ ಸೇರ್ಬಹುದು, ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ನಮ್ಮೋರೆಲ್ಲ ಪಾಟರಿ, ಸ್ಪ್ಯಾನಿಷ್ ಅಂತ ಹೋಗ್ತಾರೆ. ಬೆಳಗಿಂದ ಲ್ಯಾಪ್‌ಟಾಪ್ ಕುಟ್ಟಿ ತಲೆ ಕೆಟ್ಟು ನಾನು ವೆಲ್ಡಿಂಗಿಗೆ ಸೇರ್ದೆ.

ಸುತ್ತಿಗೆಗೆ ಇಷ್ಟೊಂದು ರಗಳೆ ಯಾಕೆ ಅಂದ್ರೆ, ಸ್ಟಿಕ್ ವೆಲ್ಡಿಂಗಲ್ಲಿ ರಾಡ್ ಮೇಲಿನ ಲೇಪನ ಕರಗಿ ಬೆಸುಗೆ ಮೇಲೆ ಸ್ಲ್ಯಾಗ್ ಅಂತ ಗಟ್ಟಿ ಪೊರೆ ಕಟ್ಟತ್ತೆ, ಅದನ್ನ ಕುಟ್ಟಿ ಉದುರಿಸಿ ಬ್ರಶ್ ಹಾಕದೆ ಮೇಲೆ ಇನ್ನೊಂದು ಪದರ ಎಳೆದ್ರೆ ಕೊಳೆ ಒಳಗೇ ಉಳಿದು ಜಾಯಿಂಟ್ ಕೆಡತ್ತೆ. ಅಂದ್ರೆ ಪ್ರತಿ ಸಾಲಿಗೂ ಸುತ್ತಿಗೆ ಬೇಕೇ ಬೇಕು. ಅಜ್ಜ ರಿಟೈರ್ಡ್, ಮನೆ ಗ್ಯಾರೇಜಲ್ಲೇ ಮೆಷಿನ್ ಇದೆಯಂತೆ, ಸ್ವಂತ ಲೆದರ್ ಜಾಕೆಟ್, ಸ್ವಂತ ಹೆಲ್ಮೆಟ್, ಎಲ್ಲಾ ಸ್ವಂತ. ಸುತ್ತಿಗೆ ಮಾತ್ರ ಸಾರ್ವಜನಿಕ.

ಅವರ ಟೈಮಿಂಗ್ ನೋಡ್ಬೇಕು ನೀವು. ಕಾಲೇಜಿನ ಹೆಲ್ಮೆಟ್ಟಿಗೆ ಶೇಡ್ 10 ಅನ್ನೋ ಕಡುಗಪ್ಪು ಗಾಜು, ಮುಖಕ್ಕೆ ಇಳಿಸಿದ್ರೆ ರಾಡ್ ತುದೀಲಿ ಆರ್ಕ್ ಅನ್ನೋ ಕರೆಂಟಿನ ಕಿಡಿ ಹೊತ್ಕೊಳ್ಳೋವರೆಗೂ ಅಮಾವಾಸ್ಯೆ, ಹೊತ್ಕೊಂಡ ಮೇಲೂ ಕಾಣೋದು ಕರಗ್ತಿರೋ ಕಬ್ಬಿಣ ಒಂದೇ. ಆಗ್ಲೇ ಪರದೆ ಸಂದಿಯಿಂದ ಕೈ ಬರತ್ತೆ. ಬರತ್ತೆ ಅಂತ ನನ್ನ ಊಹೆ, ಇವತ್ತಿನವರೆಗೂ ಆ ಕೈನ ನಾನು ನೋಡಿಲ್ಲ. ಹೆಲ್ಮೆಟ್ ಎತ್ತಿದ್ರೆ ಸುತ್ತಿಗೆ ಇರಲ್ಲ, ಪಕ್ಕದಿಂದ ಟಕ ಟಕ ಸದ್ದು, ಜೊತೆಗೆ "ಒಂದೇ ನಿಮಿಷ ಡಿಯರ್!" ತೇವ ಹೀರ್ಕೋಬಾರ್ದು ಅಂತ 7018 ಅನ್ನೋ ಜಾತಿಯ ರಾಡನ್ನ ಓವನ್ನಲ್ಲಿ ಬೆಚ್ಚಗೆ ಇಟ್ಟಿರ್ತಾರೆ, ಆ ರಾಡಿಗಿರೋ ಮರ್ಯಾದೆ ನಂಗಿಲ್ಲ, ಕೈ ಕಟ್ಕೊಂಡು ನಿಲ್ಬೇಕು. ಗುರುತಿಗೆ ಅಂತ ಹಿಡಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದೆ. "ಬಣ್ಣ ಚೆನ್ನಾಗಿದೆ" ಅಂತ ಹೊಗಳಿ ತಗೊಂಡು ಹೋದ್ರು! ಇನ್‌ಸ್ಟ್ರಕ್ಟರ್ ಬಂದು ಅವರ ಬೆಸುಗೆ ಎಷ್ಟು ಕ್ಲೀನ್ ಅಂತ ಎಲ್ರನ್ನೂ ಕರೆದು ತೋರಿಸ್ತಾರೆ. ಕ್ಲೀನ್ ಇರದೆ ಏನು, ಸುತ್ತಿಗೆ ಯಾರ್ದು? ನನ್ನ ಬೆಸುಗೆ ಹಾಗಲಕಾಯಿ ಥರ ಇರತ್ತೆ, ಅದನ್ನ ಯಾರಿಗೂ ತೋರಿಸಲ್ಲ, ಪುಣ್ಯ.

ಇದರ ಮೇಲೆ ಕತ್ತಿನ ಕಥೆ ಬೇರೆ. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಆರ್ಕ್‌ನ ಯುವಿ ಕಿರಣಕ್ಕೆ ಕತ್ತಿನ ಕೆಳಗೆ ಕೆಂಪು ತ್ರಿಕೋಣ ಮೂಡಿದೆ, ಯುಗಾದಿ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆ ಉಟ್ಟು ಹೋದ್ರೆ "ಹವಾಯಿಗೆ ಹೋಗಿದ್ರಾ?" ಅಂತ ಕೇಳಿದ್ದೇ ಕೇಳಿದ್ದು.

ಹಾಸನದಲ್ಲಿ ನಮ್ಮ ಬೀದಿ ತುದೀಲಿ ಗೇಟ್ ಮಾಡೋ ಅಂಗಡಿ ಇತ್ತು. ಅಲ್ಲಿನ ಅಣ್ಣ ಹವಾಯಿ ಚಪ್ಪಲಿ ಹಾಕ್ಕೊಂಡು ಕುಕ್ಕರಗಾಲಲ್ಲಿ ಕೂತು, ಬರೀ ಕೂಲಿಂಗ್ ಗ್ಲಾಸಲ್ಲಿ ವೆಲ್ಡ್ ಮಾಡ್ತಿದ್ದ. ಕಪ್ಪು ಗಾಜಿನ ಹಲಗೆ ಇತ್ತು, ಅದನ್ನ ಹಿಡಿದ್ರೆ ಗೇಟ್ ಹಿಡಿಯೋಕೆ ಕೈ ಎಲ್ಲಿ ಅಂತ ಬದಿಗಿಡ್ತಿದ್ದ. ರಾತ್ರಿ ಕಣ್ಣುರಿ ಬಂದ್ರೆ ಆಲೂಗಡ್ಡೆ ಹೋಳು ಇಟ್ಕೋತಿದ್ನಂತೆ. ಇಲ್ಲಿ ನಂಗೆ ಲೆದರ್ ಬೂಟು, ಕಾಟನ್ ಬಟ್ಟೆ, ಹೆಲ್ಮೆಟ್ ಒಳಗೆ ಇನ್ನೊಂದು ಕನ್ನಡಕ, ಹೊಗೆ ಎಳೆಯೋ ಪೈಪು. ಅವನು ಮಾಡಿದ ಗೇಟು ಇವತ್ತಿಗೂ ನಮ್ಮನೇಲಿದೆ.

ಮೊನ್ನೆ ಅಮ್ಮ ಫೋನಲ್ಲಿ, "ಅದೇನೋ ಕಲೀತಿದ್ಯಲ್ಲ, ಹಿತ್ತಲ ಗೇಟಿನ ಕೀಲು ಮುರಿದಿದೆ, ಡಿಸೆಂಬರಲ್ಲಿ ಬಂದಾಗ ಬೆಸೆದುಕೊಡೇ" ಅಂದ್ರು. ಅದು ಜಿಐ ಪೈಪು ಅಮ್ಮ, ಜಿಂಕ್ ಲೇಪನ ತೆಗೀದೆ ಕಾಯಿಸಿದ್ರೆ ಆ ಹೊಗೆಗೆ ಚಳಿಜ್ವರ ಬರತ್ತೆ, ಮೊದ್ಲು ಅದನ್ನ ಉಜ್ಜಿ ತೆಗೀಬೇಕು, ಮಾಸ್ಕ್ ಬೇಕು ಅಂತ ಶುರು ಮಾಡ್ದೆ.

"ಬೆಸೆಯೋಕೆ ಬರಲ್ಲ ಅಂತ ಹೇಳ್ಬಿಡೇ, ಜ್ವರ ಪರ ಎಲ್ಲ ಯಾಕೆ" ಅಂದ್ರು.