‘ಹ್ಯಾವ್’ ಅಂದ್ರೆ ‘ಉಂಡ್’ ಅಂತ ಬರೆಸಿಬಿಟ್ರೆ ಮುಗೀತಾ?

ನಾನು ಇಂಗ್ಲಿಷ್ ಕಲಿಸುವ ಸಂಜೆ ಬ್ಯಾಚಿನಲ್ಲಿ ಮೊನ್ನೆ ಒಬ್ಳು ಮಲಯಾಳಿ ನರ್ಸ್ ಕಣ್ಣಲ್ಲಿ ನೀರು ಹಾಕಿದ್ಳು. ಎಂಟು ವರ್ಷ ಐಸಿಯುನಲ್ಲಿ ಕೆಲಸ ಮಾಡಿದವಳು, ಇಂಗ್ಲೆಂಡಿಗೆ ಹೋಗ್ಬೇಕು ಅಂತ ಓಇಟಿ ಪರೀಕ್ಷೆಗೆ, ಅಂದ್ರೆ ಡಾಕ್ಟರು ನರ್ಸುಗಳಂಥವರಿಗೆ ಇರುವ ಇಂಗ್ಲಿಷ್ ಪರೀಕ್ಷೆಗೆ, ತಯಾರಾಗ್ತಾ ಇದ್ದಾಳೆ. ಅದರಲ್ಲಿ ಮಾತಾಡುವ ಭಾಗ ಅಂದ್ರೆ ಎರಡು ರೋಲ್ ಪ್ಲೇ, ಎದುರು ಕೂತವರು ಪೇಷೆಂಟ್, ಇವರು ನರ್ಸ್. ಅದಕ್ಕಿಂತ ಮೊದಲು ಎರಡು ನಿಮಿಷ ಹಾಗೇ ಮಾತಾಡಿಸ್ತಾರೆ, ಅದಕ್ಕೆ ಮಾರ್ಕಿಲ್ಲ. ನಾನೂ ಹಾಗೇ ಮನೆ ಸಂಸಾರ ಕೇಳಿದೆ. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂದ್ಳು. ನಾನು ನಿಲ್ಲಿಸಿ, ಹಾಗೆ ಹೇಳಿದ್ರೆ ಅಲ್ಲಿಯವರಿಗೆ ನಿನ್ನ ಹೊಟ್ಟೆಯಲ್ಲಿ ಅವಳಿ ಮಕ್ಕಳಿದ್ದಾರೆ ಅಂತ ಅರ್ಥ ಆದೀತು ಅಂದೆ. ಅವಳ ಮುಖ ಸಣ್ಣ ಆಯ್ತು. ‘ಹ್ಯಾವ್ ಎನ್ನ್ ಪರಞ್ಞಾಲ್ ಉಂಡ್ ಎನ್ನಲ್ಲೇ ಟೀಚರೇ?’ ಅಂತ ಕೇಳಿದ್ಳು. ಹ್ಯಾವ್ ಅಂದ್ರೆ ಉಂಟು ಅಂತಲೇ ಅಲ್ವಾ ಟೀಚರೇ ಅಂತ. ಶಾಲೆಯಲ್ಲಿ ನೋಟ್‌ಬುಕ್ಕಿನ ಎಡಗಡೆ ‘ಹ್ಯಾವ್’, ಬಲಗಡೆ ‘ಉಂಡ್’ ಅಂತ ಬರೆದು ಬಾಯಿಪಾಠ ಮಾಡಿದವಳು ಅವಳು. ಅವಳ ತಪ್ಪು ಎಂತದೂ ಇಲ್ಲ.

ನಾನು ಕಾಸರಗೋಡಿನವಳು, ಮನೆಯಲ್ಲಿ ಕನ್ನಡ, ಗೇಟು ದಾಟಿದ್ರೆ ಮಲಯಾಳಂ. ಹಾಗಾಗಿ ಈ ಉಂಡ್ ನನಗೆ ಹೊರಗಿನದ್ದು ಅಲ್ಲವೇ ಅಲ್ಲ, ನಮ್ಮ ‘ಉಂಟು’ ಅದೇ. ‘ಎನಿಕ್ಕ್ ರಂಡ್ ಕುಟ್ಟಿಗಳ್ ಉಂಡ್’ ಅಂತ ಅವರು, ‘ನನಗೆ ಇಬ್ರು ಮಕ್ಕಳುಂಟು’ ಅಂತ ನಾವು. ಇಲ್ಲಿ ‘ನಾನು’ ಎಲ್ಲಿಯೂ ಇಲ್ಲ ನೋಡಿ, ‘ನನಗೆ’ ಇರೋದು. ಮಕ್ಕಳು ಇದ್ದಾರೆ, ನನಗೆ ಇದ್ದಾರೆ, ಅಷ್ಟೇ. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ‘ನಾನು’ ಮುಂದೆ ಬಂದು ನಿಂತು ಹಿಡ್ಕೊಂಡ ಹಾಗೆ. ಮಕ್ಕಳನ್ನೂ ನಾನೇ ಹಿಡ್ಕೊಳ್ಳೋದು, ಜ್ವರವನ್ನೂ ನಾನೇ. ದುಡ್ಡಿನ ವಿಷಯ ಬಂದ್ರೆ ಮಲಯಾಳಂನಲ್ಲಿ ‘ಎಂಡೆ ಕೈಯಿಲ್ ಪೈಸ ಉಂಡ್’, ಅಂದ್ರೆ ನನ್ನ ಕೈಯಲ್ಲಿ ಅಂತ, ನಾವು ನನ್ನ ಹತ್ರ ಅಂತೇವೆ. ಜ್ವರಕ್ಕೆ ‘ಎನಿಕ್ಕ್ ಪನಿಯುಂಡ್’, ಕೆಲಸ ಉಂಟು ಅನ್ನಲಿಕ್ಕೆ ‘ಎನಿಕ್ಕ್ ಪಣಿಯುಂಡ್’, ಒಂದು ನ-ಣ ವ್ಯತ್ಯಾಸ. ಹಸಿವಿಗೆ ಮಾತ್ರ ಉಂಡ್ ಬೇಕಂತಿಲ್ಲ, ‘ಎನಿಕ್ಕ್ ವಿಶಕ್ಕುನ್ನು’ ಅಂದ್ರೆ ಸಾಕು, ಅಲ್ಲಿ ಇಂಗ್ಲಿಷಿನಲ್ಲಿ ಹ್ಯಾವೂ ಬರೋದಿಲ್ಲ.

ಈಗ ಆ ‘ಹ್ಯಾವಿಂಗ್’ ಎಲ್ಲಿಂದ ಬಂತು? ನನಗೆ ಕಾಣೋದು ಹೀಗೆ. ಮಳೆ ಬರ್ತಾ ಉಂಟು ಅನ್ನಲಿಕ್ಕೆ ‘ಮಳ ಪೆಯ್ಯುನ್ನುಂಡ್’ ಅಂತಾರೆ, ತಲೆ ನೋಯ್ತಾ ಉಂಟು ಅಂದ್ರೆ ‘ತಲ ವೇದನಿಕ್ಕುನ್ನುಂಡ್’. ಈಗ ನಡೀತಾ ಇರುವ ಕೆಲಸದ ಕೊನೆಯಲ್ಲೂ ಅದೇ ಉಂಡ್ ಕೂತಿರ್ತದೆ. ಮತ್ತೆ ‘ಪೋಯಿಟ್ಟುಂಡ್’, ಅಂದ್ರೆ ಹೋಗಿದ್ದೇನೆ, ಅಲ್ಲಿಯೂ ಉಂಡ್. ಮೇಜಿನ ಮೇಲೆ ಪುಸ್ತಕ ಇದ್ರೂ ಉಂಡ್. ಒಂದೇ ಪದ ಇಷ್ಟು ಕಡೆ ದುಡೀತಾ ಇರುವಾಗ, ಅದಕ್ಕೆ ‘ಹ್ಯಾವ್’ ಅಂತ ಒಂದೇ ಚೀಟಿ ಅಂಟಿಸಿ ಕೊಟ್ರೆ ಮಕ್ಕಳು ‘ಇಸ್’, ‘ಹ್ಯಾಸ್’, ‘ಹ್ಯಾವಿಂಗ್’ ಎಲ್ಲವನ್ನೂ ಕಲಸಿ ಹೇಳದೆ ಇನ್ನೆಂತ ಮಾಡಿಯಾರು? ಹಾಗಂತ ಹ್ಯಾವಿಂಗ್ ಅಂತ ಹೇಳ್ಲೇಬಾರ್ದು ಅಂತ ಕಲಿಸೋದೂ ತಪ್ಪೇ, ‘ಆರ್ ಯೂ ಹ್ಯಾವಿಂಗ್ ಎನಿ ಪೇಯ್ನ್’ ಅಂತ ಅಲ್ಲಿಯ ನರ್ಸುಗಳೇ ಕೇಳ್ತಾರೆ. ನೋವು ಈಗ ಇರ್ತದೆ, ಆಮೇಲೆ ಹೋಗ್ತದೆ. ಮಕ್ಕಳು, ಅಣ್ಣ ತಮ್ಮ, ಮನೆ ಹಾಗಲ್ಲ, ಅದಕ್ಕೆ ಬರೀ ‘ಐ ಹ್ಯಾವ್’ ಸಾಕು. ಇದನ್ನು ಒಂದ್ಸಲ ಕೂತು ಹೇಳಿದ್ರೆ ಅವರಿಗೆ ಐದು ನಿಮಿಷದಲ್ಲಿ ಅರ್ಥ ಆಗ್ತದೆ, ನಾನು ನೋಡಿದ್ದೇನೆ.

‘ಶೀ ಹ್ಯಾವ್ ಫೀವರ್’ ಅನ್ನೋದಕ್ಕೂ ಕಾರಣ ಉಂಟು. ಕನ್ನಡದಲ್ಲಿ ಹೋದೆ, ಹೋದ, ಹೋದಳು, ಹೋದರು ಅಂತ ಕ್ರಿಯಾಪದದ ಬಾಲ ಬದಲಾಗ್ತದೆ. ಮಲಯಾಳಂನಲ್ಲಿ ಞಾನ್ ಪೋಯಿ, ಅವನ್ ಪೋಯಿ, ಅವಳ್ ಪೋಯಿ, ಅವರ್ ಪೋಯಿ, ಎಲ್ಲದಕ್ಕೂ ಪೋಯಿ. ಕೆಲಸ ಮಾಡುವವನು ಯಾರು ಅಂತ ಕ್ರಿಯಾಪದ ನೋಡೋದೇ ಇಲ್ಲ. ಅಂಥ ಭಾಷೆಯಿಂದ ಬಂದವರಿಗೆ ಹ್ಯಾವ್-ಹ್ಯಾಸ್ ಕಣ್ಣಿಗೆ ಬೀಳೋದು ನಿಧಾನವೇ.

ನನಗೆ ತುಂಬ ಇಷ್ಟದ್ದು ‘ಹ್ಯಾವ್ ಟು’. ‘ಎನಿಕ್ಕ್ ಪೋಗಣಂ’ ಅಂದ್ರೆ ನನಗೆ ಹೋಗ್ಲಿಕ್ಕೆ ಆಸೆ, ‘ಞಾನ್ ಪೋಗಣಂ’ ಅಂದ್ರೆ ನಾನು ಹೋಗ್ಲೇಬೇಕು. ಬರೀ ‘ನನಗೆ’ ತೆಗೆದು ‘ನಾನು’ ಇಟ್ರೆ ಆಸೆ ಹೋಗಿ ಕರ್ತವ್ಯ ಬಂತು, ಎಷ್ಟು ಚಂದ! ನಮ್ಮ ‘ಹೋಗ್ಬೇಕು’ ಎರಡನ್ನೂ ಒಂದೇ ಚೀಲಕ್ಕೆ ತುಂಬಿಸ್ತದೆ. ವಾಂಟ್ ಟು, ಹ್ಯಾವ್ ಟು ಕಲಿಸಲಿಕ್ಕೆ ಇದಕ್ಕಿಂತ ಒಳ್ಳೆ ದಾರಿ ಬೇಕಾ? ಪೇಷೆಂಟಿಗೆ ‘ಯು ವಾಂಟ್ ಟು ಟೇಕ್ ದಿಸ್ ಟ್ಯಾಬ್ಲೆಟ್’ ಅನ್ನೋದಕ್ಕೂ ‘ಯು ಹ್ಯಾವ್ ಟು’ ಅನ್ನೋದಕ್ಕೂ ಆಸ್ಪತ್ರೆಯಲ್ಲಿ ದೊಡ್ಡ ವ್ಯತ್ಯಾಸ ಉಂಟು.

ಇನ್ನು ‘ಹ್ಯಾಡ್’. ‘ಞಾನ್ ಇನ್ನಲೆ ಪೋಯಿರುನ್ನು’, ನಿನ್ನೆ ಹೋಗಿದ್ದೆ. ಅದನ್ನೇ ಎತ್ತಿ ‘ಐ ಹ್ಯಾಡ್ ಗಾನ್ ಯೆಸ್ಟರ್ಡೇ’ ಅಂತ ಇಡ್ತಾರೆ, ಕನ್ನಡದವರೂ ಇಡ್ತೇವೆ. ಇಂಗ್ಲಿಷಿನಲ್ಲಿ ಆ ಹ್ಯಾಡ್ ಬಂತು ಅಂದ್ರೆ ಅದರ ನಂತರ ಇನ್ನೊಂದು ಏನೋ ನಡೆದಿರ್ಬೇಕು. ಡಾಕ್ಟರಿಗೆ ರೆಫರಲ್ ಪತ್ರ ಬರೆಯುವಾಗ ಸಾಲು ಸಾಲು ಹ್ಯಾಡ್ ಹಾಕಿದ್ರೆ ಯಾವುದು ಮೊದಲು ಯಾವುದು ನಂತರ ಅಂತ ಓದುವವರಿಗೆ ಗೊಂದಲ.

ನನ್ನ ಸಿಟ್ಟು ಇರೋದು ‘ಕ್ಲಾಸಿನಲ್ಲಿ ಮಲಯಾಳಂ ಮಾತಾಡಬಾರದು’ ಅನ್ನುವ ಬೋರ್ಡಿನ ಮೇಲೆ. ನಾನು ಮೊದಲು ಕಲಿಸ್ತಾ ಇದ್ದ ಒಂದು ಕಡೆ ಮಾತಾಡಿದ್ರೆ ಹತ್ತು ರೂಪಾಯಿ ದಂಡ ಇತ್ತು. ಮಲಯಾಳಂ-ಇಂಗ್ಲಿಷ್ ನಿಘಂಟನ್ನು ಜರ್ಮನಿಯಿಂದ ಬಂದ ಪಾದ್ರಿ ಗುಂಡರ್ಟ್ ಅವರು ವರ್ಷಗಟ್ಟಲೆ ಕೂತು ಮಾಡಿದ್ರು, 1872ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯ್ತು. ಎರಡು ಭಾಷೆಯನ್ನು ಪಕ್ಕ ಪಕ್ಕ ಇಟ್ಟು ನೋಡುವ ಕೆಲಸ ಈ ಕರಾವಳಿಗೆ ಹೊಸದಲ್ಲ. ಸ್ವಂತ ಭಾಷೆ ಬಾಗಿಲ ಹೊರಗೆ ಬಿಟ್ಟು ಬಾ ಅಂದ್ರೆ ಮಕ್ಕಳು ಹೋಲಿಸಿ ನೋಡೋದು ಯಾವುದರ ಜೊತೆಗೆ? ಅವರು ಹೇಗೂ ತಲೆಯೊಳಗೆ ಹೋಲಿಸ್ತಾನೇ ಇರ್ತಾರೆ, ನಾವು ಜೊತೆಗೆ ನಿಂತು ತೋರಿಸ್ಬೇಕು ಅಷ್ಟೇ.

ಆ ಹುಡುಗಿ ನಿನ್ನೆ ಬಂದಾಗ ಹಳೇ ನೋಟ್‌ಬುಕ್ಕಿನಲ್ಲಿ ‘ಉಂಡ್’ ಪಕ್ಕ ಸಣ್ಣ ಅಕ್ಷರದಲ್ಲಿ ‘ಎನಿಕ್ಕ್? ಞಾನ್?’ ಅಂತ ಬರ್ಕೊಂಡಿದ್ದಳು. ‘ಟೀಚರೇ, ಎನಿಕ್ಕ್ ಕಿಟ್ಟಿ ಅನ್ನೋದೂ ಹೀಗೇನಾ?’ ಅಂತ ಕೇಳಿದ್ಳು. ಹೌದು, ಅದೂ ‘ನನಗೆ ಸಿಕ್ಕಿತು’, ಅದೂ ‘ನಾನು’ ಅಲ್ಲ. ಶನಿವಾರ ‘ಗೆಟ್’ ತಕ್ಕೊಳ್ಳೋದು ಅಂತ ಮಾಡಿದ್ದೇನೆ.